ಕಾಳಿಯ ಕೆಂಪು ನೀರು ಎಲ್ಲಿ ನಿಲ್ಲುತ್ತದೆ? ಆಳ ಕಡಲಿನ ಕೆಸರು ಪದರಗಳ ಜಾಡು ಹಿಡಿಯುವ ಬಗೆ

ಮಳೆಗಾಲದಲ್ಲಿ ಕಾರವಾರದ ಹತ್ತಿರದ ಸದಾಶಿವಗಡದ ಗುಡ್ಡದ ಮೇಲಿಂದ ನೋಡಿದರೆ ಕಾಳಿ ನದಿ ಕಡಲಿಗೆ ಕೆಂಪು ನೀರು ಸುರಿಯುವುದು ಕಾಣುತ್ತದೆ. ಇಷ್ಟು ಮಣ್ಣು ಅರಬ್ಬಿ ಸಮುದ್ರದ ಆಳಕ್ಕೇ ಹೋಗಿ ಸೇರುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ. ಹಾಗಾಗುವುದಿಲ್ಲ. ಅದರ ಬಹುಪಾಲು ದಡದ ಹತ್ತಿರವೇ ಉಳಿದುಬಿಡುತ್ತದೆ. ಕಾರವಾರದಿಂದ ವಾಯವ್ಯಕ್ಕೆ ಸುಮಾರು 600 ಕಿ.ಮೀ. ಹೋದರೆ, ಮೂರೂವರೆ ಕಿ.ಮೀ. ನೀರಿನ ಅಡಿಯಲ್ಲಿ ಲಕ್ಷ್ಮಿ ಬೇಸಿನ್ ಎಂಬ ದೊಡ್ಡ ತಗ್ಗು ಇದೆ. ಅಲ್ಲಿ ಪದರದ ಮೇಲೆ ಪದರವಾಗಿ ತುಂಬಿರುವ ಮರಳು, ಕೆಸರು ಹೆಚ್ಚಾಗಿ ಬಂದದ್ದು ಹಿಮಾಲಯದ ಕಡೆಯಿಂದ, ಸಿಂಧೂ ನದಿಯ ದಾರಿಯಲ್ಲಿ.

ಎದುರಿಗಿರುವ ನದಿಯ ಮಣ್ಣು ಅಲ್ಲಿಗೆ ಹೋಗಲಿಲ್ಲ. ಎಲ್ಲೋ ದೂರದ ನದಿಯ ಮಣ್ಣು ಬಂದು ಕೂತಿತು. ಇದು ಹೇಗೆ ಅಂತ ನೀವೇ ಜಾಡು ಹಿಡಿದು ನೋಡಬಹುದು. ಕಾಲೇಜು ವಿದ್ಯಾರ್ಥಿಗಳಿಗೆ, ಶಾಲೆಯಲ್ಲಿ ವಿಜ್ಞಾನ ಕಲಿಸುವವರಿಗೆ, ಸುಮ್ನೆ ಕುತೂಹಲ ಇರುವವರಿಗೆ ಈ ಲೇಖನ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನದಿಯಿಂದ ಹೊರಟು ಕಡಲಿನತ್ತ ಹೋದರೆ ಜಾಡು ಅರ್ಧದಲ್ಲೇ ಕಡಿದುಹೋಗುತ್ತದೆ. ತಳದ ಪದರ ಹಿಡಿದು ಹಿಂದಕ್ಕೆ ಬರಬೇಕು. ಆದರೆ ಪದರ ಓದಲು ಬರಬೇಕಾದರೆ ನೀರು ಮಣ್ಣನ್ನು ಹೇಗೆ ಒಯ್ಯುತ್ತದೆ ಅಂತ ಗೊತ್ತಿರಬೇಕು. ಹಾಗಾಗಿ ಮೊದಲ ಕೆಲಸ ಅಳಿವೆಯಲ್ಲೇ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಮೀನು ಸಾಕುವ ಮೂರು ಅಡಿಯ ಗಾಜಿನ ತೊಟ್ಟಿ, ಕಲ್ಲುಪ್ಪು, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಭೂತಗನ್ನಡಿ, ಅಯಸ್ಕಾಂತ, ಮೊಬೈಲು, ಇಂಟರ್‌ನೆಟ್ ಇರುವ ಒಂದು ಕಂಪ್ಯೂಟರ್.

ಹೆಜ್ಜೆ 1: ಅಳಿವೆಯಲ್ಲಿ ತೇಲುವ ಕೆಸರು

ಜಾಗ ಸದಾಶಿವಗಡ ಆಗಬಹುದು, ಕೋಡಿಬಾಗದ ದಡ ಆಗಬಹುದು. ಕುಮಟಾದವರಿಗೆ ತದಡಿಯ ಹತ್ತಿರ ಅಘನಾಶಿನಿ ಇದೆ, ಹೊನ್ನಾವರದವರಿಗೆ ಶರಾವತಿ. ಎರಡು ಎಚ್ಚರಿಕೆ. ಮಳೆಗಾಲದಲ್ಲಿ ಅಳಿವೆಯ ನೀರಿಗೆ ಇಳಿಯಬೇಡಿ. ಇಳಿತದ ಹೊತ್ತಿನಲ್ಲಿ ಸೆಳೆತ ಜೋರು, ಈಜು ಬಂದರೂ ಅದು ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು, ಅರ್ಗಾ ಕಡೆ ನೌಕಾನೆಲೆ ಇದೆ. ಆ ದಿಕ್ಕಿಗೆ ಕ್ಯಾಮೆರಾ ತಿರುಗಿಸಬೇಡಿ, ಡ್ರೋನ್ ಅಂತೂ ಬೇಡವೇ ಬೇಡ.

ನೋಡಬೇಕಾದ್ದು ಕೆಂಪು ನೀರು ಮತ್ತು ಹಸಿರು ನೀರು ಸೇರುವ ಗೆರೆ. ಅಲ್ಲಿ ನೊರೆ, ತರಗೆಲೆ, ಕಟ್ಟಿಗೆ ಚೂರು ಸಾಲಾಗಿ ನಿಂತಿರುತ್ತವೆ. ನದಿಯ ನೀರು ಕಡಲ ನೀರಿನ ಮೇಲೆ ಹತ್ತಿ ಹರಡುವ ಜಾಗ ಅದು. ಮಳೆ ಕಡಿಮೆಯಾದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ, ಪರಿಚಯದ ಮೀನುಗಾರರ ದೋಣಿಯಲ್ಲಿ ಹೋಗಿ ಇದನ್ನು ಪರೀಕ್ಷೆ ಮಾಡಬಹುದು. ಬಾಟಲಿಗೆ ಕಲ್ಲು ಕಟ್ಟಿ, ಬೂಚಿಗೆ ಬೇರೆ ದಾರ ಕಟ್ಟಿ ಕೆಳಗೆ ಬಿಡಿ. ಬೇಕಾದ ಆಳಕ್ಕೆ ಹೋದ ಮೇಲೆ ಬೂಚಿನ ದಾರ ಎಳೆಯಿರಿ. ಮೇಲಿನ ನೀರು ಒಂದು ಲೋಟ, ಕೆಳಗಿನ ನೀರು ಒಂದು ಲೋಟ ತಂದು ಸ್ಟೀಲ್ ತಟ್ಟೆಯಲ್ಲಿ ಬತ್ತಿಸಿ. ಯಾವುದರಲ್ಲಿ ಉಪ್ಪು ಜಾಸ್ತಿ ಉಳಿಯಿತು ಅಂತ ತಟ್ಟೆಯೇ ಹೇಳುತ್ತದೆ.

ಕೆಸರು ತುಂಬಿದ ನೀರು ತೇಲುವುದು ಯಾಕೆ? ಒಂದು ಘನ ಮೀಟರ್ ಸಿಹಿನೀರು 1000 ಕೆ.ಜಿ. ತೂಗಿದರೆ ಕಡಲ ನೀರು ಸುಮಾರು 1025 ಕೆ.ಜಿ. ತೂಗುತ್ತದೆ. ನದಿಯ ನೀರು ಕಡಲ ನೀರಿನೊಳಗೆ ಮುಳುಗಬೇಕಾದರೆ ಈ 25 ಕೆ.ಜಿ. ವ್ಯತ್ಯಾಸವನ್ನು ಮಣ್ಣು ತುಂಬಿಕೊಡಬೇಕು. ಮಣ್ಣಿನ ಕಣವೂ ಒಂದಷ್ಟು ನೀರಿನ ಜಾಗ ತಿನ್ನುತ್ತದೆ, ಅದನ್ನು ಕಳೆದು ಲೆಕ್ಕ ಹಾಕಿದರೆ ಒಂದು ಘನ ಮೀಟರ್ ನೀರಿಗೆ ಹತ್ತಿರ ಹತ್ತಿರ 40 ಕೆ.ಜಿ. ಮಣ್ಣು ಬೇಕು. ಲೀಟರಿಗೆ 40 ಗ್ರಾಂ. ನಿಮ್ಮ ಬಾಟಲಿಯ ಕೆಂಪು ನೀರನ್ನು ಬತ್ತಿಸಿ ತೂಗಿ ನೋಡಿ. ನೋಡಲು ಎಷ್ಟೇ ಕೆಂಪಾಗಿದ್ದರೂ ಈ ಅಂಕಿಯ ಹತ್ತಿರಕ್ಕೂ ಬರುವುದಿಲ್ಲ. ಬಣ್ಣ ಕೊಡಲು ಸ್ವಲ್ಪ ಜೇಡಿ ಸಾಕು. ಅದರ ಮೇಲೆ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟುಗಳಿವೆ. ದಪ್ಪ ಹೊಯ್ಗೆ, ಅಂದರೆ ಮರಳು, ಅಲ್ಲೇ ನಿಲ್ಲುತ್ತದೆ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಎರಡೂ ನದಿಗಳ ನೀರನ್ನು ಒಂದೇ ವಾರದಲ್ಲಿ ತಂದು ತೂಗಿದರೆ ಹೋಲಿಕೆಗೆ ಚೆನ್ನಾಗಿರುತ್ತದೆ.

ಮನೆಗೆ ಬಂದ ಮೇಲೆ ಇನ್ನೊಂದು ಸಣ್ಣ ಪರೀಕ್ಷೆ ಮಾಡಿ. ಎರಡು ಗಾಜಿನ ಲೋಟ. ಒಂದರಲ್ಲಿ ಬಾವಿ ನೀರು, ಇನ್ನೊಂದರಲ್ಲಿ ಅದೇ ನೀರಿಗೆ ಉಪ್ಪು. ಎರಡಕ್ಕೂ ಒಂದೊಂದು ಚಮಚ ಗಜನಿ ಗದ್ದೆಯ (ಅಳಿವೆಯ ಪಕ್ಕದ, ಉಪ್ಪು ನೀರು ಹತ್ತುವ ಗದ್ದೆ) ಜೇಡಿ ಮಣ್ಣು ಕಲಸಿ ಬಿಡಿ. ಉಪ್ಪು ನೀರಿನ ಲೋಟ ಬೇಗ ತಿಳಿಯಾಗುತ್ತದೆ. ಉಪ್ಪು ಸೇರಿದಾಗ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಗುಪ್ಪೆಯಾಗಿ ಬೀಳುತ್ತವೆ. ಒಂಟಿ ಕಣಕ್ಕೆ ಆ ವೇಗ ಇಲ್ಲ. ಎರಡು ಮೈಕ್ರಾನ್ ಗಾತ್ರದ ಜೇಡಿ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಮೂರು ದಿನಕ್ಕಿಂತ ಹೆಚ್ಚು ಬೇಕು. ಕಾಳಿಯ ಕೆಸರು ದಡದ ಹತ್ತಿರವೇ ಕೂರುವುದಕ್ಕೆ ಈ ಗುಪ್ಪೆ ಕಟ್ಟುವಿಕೆ ದೊಡ್ಡ ಕಾರಣ.

ಹೆಜ್ಜೆ 2: ನಕ್ಷೆಯ ಮೇಲೆ ಇಳಿಜಾರು

ಉಪಗ್ರಹ ಚಿತ್ರದಿಂದ ಶುರು ಮಾಡಿ. ಕೋಪರ್ನಿಕಸ್ ಬ್ರೌಸರ್‌ನಲ್ಲಿ ಸೆಂಟಿನೆಲ್-2 ಚಿತ್ರಗಳು ಉಚಿತವಾಗಿ ಸಿಗುತ್ತವೆ, 10 ಮೀಟರ್ ಅಗಲದ ವಸ್ತುವೂ ಕಾಣುತ್ತದೆ. ಜೂನ್, ಜುಲೈ ಚಿತ್ರ ಹುಡುಕಿ ಹೊತ್ತು ಕಳೆಯಬೇಡಿ, ಪೂರ್ತಿ ಮೋಡ. ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ದೊಡ್ಡ ಮಳೆಯ ನಂತರದ ತಿಳಿ ದಿನ ಆರಿಸಿ. ಕೆಸರು ನೀರು ನೇರ ಪಶ್ಚಿಮಕ್ಕೆ ಚಾಚದೆ ಕರಾವಳಿಗೆ ಒತ್ತಿಕೊಂಡು ಹೋಗುವುದು ಕಾಣುತ್ತದೆ. ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ. ಮಣ್ಣು ಆ ದಾರಿ ಹಿಡಿಯುತ್ತದೆ.

ಆಮೇಲೆ ಕಡಲಿನ ಆಳದ ನಕ್ಷೆ. ಜೆಬ್ಕೋ ಎಂಬ ಜಾಗತಿಕ ನಕ್ಷೆ ಉಚಿತ. ಗೂಗಲ್ ಅರ್ಥ್‌ನಲ್ಲೂ ಕೆಲಸ ನಡೆಯುತ್ತದೆ. ಕಾರವಾರದಿಂದ ವಾಯವ್ಯಕ್ಕೆ, ಅಕ್ಷಾಂಶ 16.6 ಉತ್ತರ, ರೇಖಾಂಶ 68.8 ಪೂರ್ವದ ತನಕ ಒಂದು ಗೆರೆ ಎಳೆದು ಅದರ ಉದ್ದಕ್ಕೂ ಆಳ ಬರೆದುಕೊಳ್ಳಿ. ಆ ತುದಿ ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಸಿಗುವುದು ಖಂಡದ ಅಂಚಿನ ಮಟ್ಟಸ ನೆಲ, ಶೆಲ್ಫ್ ಅನ್ನುವುದು ಇದಕ್ಕೇ. ನೂರು ಕಿ.ಮೀ. ಆಸುಪಾಸು ಹೋದರೂ ಆಳ ನೂರು ಮೀಟರ್ ಚಿಲ್ಲರೆ ಅಷ್ಟೆ. ಅಂದರೆ ಕಿಲೋಮೀಟರಿಗೆ ಒಂದು ಮೀಟರ್ ಇಳಿಜಾರು. ಕಾಲಡಿ ಇದ್ದರೆ ಮಟ್ಟಸ ಗದ್ದೆ ಅಂತಲೇ ಅನಿಸುತ್ತದೆ. ಆಮೇಲೆ ನೆಲ ಒಮ್ಮೆಗೇ ಜಾರಿ ಸಾವಿರ ಮೀಟರ್, ಎರಡು ಸಾವಿರ ಮೀಟರ್ ದಾಟುತ್ತದೆ.

ಈ ಮಟ್ಟಸ ನೆಲವೇ ಕಾಳಿಯ ಜಾಡು ಕಡಿಯುವ ಜಾಗ. ಪಶ್ಚಿಮ ಕರಾವಳಿಯ ಶೆಲ್ಫ್‌ನಲ್ಲಿ ದಡದ ಕಡೆಯ ಅರ್ಧ ಇಂದಿನ ನದಿಗಳ ಜೇಡಿ. ಹೊರಗಿನ ಅರ್ಧದಲ್ಲಿ ಸಾವಿರಾರು ವರ್ಷ ಹಳೆಯ ಸುಣ್ಣದ ಮರಳು ಇಂದಿಗೂ ಬಯಲಾಗಿಯೇ ಬಿದ್ದಿದೆ. ಈಗಿನ ಜೇಡಿ ಅಲ್ಲಿಯವರೆಗೆ ಧಾರಾಳವಾಗಿ ತಲುಪುತ್ತಿದ್ದರೆ ಆ ಮರಳು ಎಂದೋ ಮುಚ್ಚಿಹೋಗಬೇಕಿತ್ತು, ಅಲ್ವಾ? ಸುಮಾರು 20,000 ವರ್ಷಗಳ ಹಿಂದೆ ಕತೆ ಬೇರೆ ಇತ್ತು. ಭೂಮಿಯ ನೀರು ಹಿಮವಾಗಿ ಕಟ್ಟಿ ಕಡಲ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ನಿಮ್ಮ ಗೆರೆಯ ಮೇಲೆ 120 ಮೀಟರ್ ಆಳ ಎಲ್ಲಿದೆ ಗುರುತು ಮಾಡಿ. ದಡ ಅಲ್ಲೇ ಇತ್ತು. ನದಿಗಳು ಶೆಲ್ಫಿನ ತುಟಿಯವರೆಗೂ ಹರಿದು ಅಲ್ಲಿಂದಲೇ ಮಣ್ಣು ಚೆಲ್ಲಬಹುದಿತ್ತು.

ನಕ್ಷೆ ನೋಡುವಾಗ ಎರಡು ಮೋಸಗಳಿವೆ. ತಳದಲ್ಲಿ ಸರಳರೇಖೆಯಂಥ ಪಟ್ಟಿ ಕಂಡರೆ ಅದು ಕಣಿವೆ ಅಲ್ಲ. ಹಡಗು ಸೋನಾರ್ (ಶಬ್ದ ಕಳಿಸಿ ಆಳ ಅಳೆಯುವ ಸಾಧನ) ಹಾಕಿಕೊಂಡು ಹೋದ ದಾರಿ. ಅಲ್ಲಿ ಮಾತ್ರ ಆಳ ಅಳೆದಿದ್ದಾರೆ, ಅಕ್ಕಪಕ್ಕ ಬಹುಪಾಲು ಉಪಗ್ರಹದಿಂದ ಅಂದಾಜು. ಎರಡನೆಯದು, ಇಳಿಜಾರಿನ ಚಿತ್ರದಲ್ಲಿ ಆಳವನ್ನು ಹಿಗ್ಗಿಸಿ ತೋರಿಸಿರುತ್ತಾರೆ. ಸಹ್ಯಾದ್ರಿಯ ಪ್ರಪಾತದ ಹಾಗೆ ಕಾಣುವುದು ನಿಜದಲ್ಲಿ ಕೆಲವೇ ಡಿಗ್ರಿ ಇರಬಹುದು.

ಹೆಜ್ಜೆ 3: ತೊಟ್ಟಿಯಲ್ಲಿ ಕೆಸರಿನ ಹೊನಲು

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ಈ ಹೆಜ್ಜೆಗೆ. ಪುಸ್ತಕದಲ್ಲಿ ಹತ್ತು ಪುಟ ಓದಿ ಬಾರದ್ದು ಇಲ್ಲಿ ಅರ್ಧ ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ. 1950ರಲ್ಲಿ ಡಚ್ ಭೂವಿಜ್ಞಾನಿ ಕ್ಯುನನ್, ಇಟಲಿಯ ಮಿಲ್ಯೊರಿನಿ ಸೇರಿ ಆಳ ಕಡಲಿನ ಮರಳು ಪದರಗಳನ್ನು ಕೆಸರಿನ ಹೊನಲು ತಂದು ಹಾಕುತ್ತದೆ ಅಂತ ವಾದಿಸಿದಾಗಲೂ ಅವರ ಕೈಯಲ್ಲಿದ್ದ ಬಲವಾದ ಸಾಕ್ಷಿಗಳಲ್ಲಿ ತೊಟ್ಟಿಯ ಪ್ರಯೋಗ ಒಂದು. ಇಂಥ ಹೊನಲಿಗೆ ಟರ್ಬಿಡಿಟಿ ಕರೆಂಟ್ ಅನ್ನುತ್ತಾರೆ. ಅದು ಹಾಕಿದ ಪದರ ಟರ್ಬಿಡೈಟ್.

ತೊಟ್ಟಿಯ ಒಂದು ತುದಿಯಲ್ಲಿ ಟೈಲ್ಸ್ ಅಥವಾ ಗಾಜಿನ ಪಟ್ಟಿ ಓರೆಯಾಗಿ ನಿಲ್ಲಿಸಿ. ಪ್ಲೈವುಡ್ ಬೇಡ, ತೇಲುತ್ತದೆ. ಸಂದಿಗೆ ಜೇಡಿ ಮೆತ್ತಿ. ಇಳಿಜಾರು ಮುಗಿದ ಮೇಲೆ ಎರಡು ಅಡಿಯಾದರೂ ಸಮತಲ ಇರಲಿ. ಮುಕ್ಕಾಲು ಭಾಗ ನೀರು ತುಂಬಿ, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಕರಗಿಸಿ. ಅರವತ್ತು ಲೀಟರಿಗೆ ಎರಡು ಕೆ.ಜಿ. ಸ್ವಲ್ಪ ಮೇಲೆ. ಸಾಣಿಕಟ್ಟಾದ ಕಲ್ಲುಪ್ಪು ಅಗ್ಗ, ಅದೇ ಸಾಕು. ನೀರು ಪೂರ್ತಿ ತಿಳಿಯಾಗಿ ನಿಲ್ಲುವವರೆಗೆ ಕಾಯಿರಿ. ಗಾಜಿನ ಹೊರಗೆ ಸ್ಕೇಲ್ ಅಂಟಿಸಿ, ಮೊಬೈಲನ್ನು ಸ್ಲೋ ಮೋಷನ್‌ನಲ್ಲಿಟ್ಟು ಎದುರಿಗೆ ನಿಲ್ಲಿಸಿ.

ಮೂರು ಸಲ ಸುರಿಯಬೇಕು, ಪ್ರತಿಸಲ ಬೇರೆ ಹದ. ಮೇಲಿಂದ ದುಬುಕ್ಕನೆ ಹಾಕಬೇಡಿ. ಬಾಟಲಿಯ ತಳ ಕತ್ತರಿಸಿ ಲಾಳಿಕೆ ಮಾಡಿ, ಬಾಯಿ ಇಳಿಜಾರಿನ ನೆತ್ತಿಗೆ ತಾಗುವ ಹಾಗೆ ಹಿಡಿದು ಬಿಡಿ.

ಮೊದಲ ಹದ: ಒಂದು ಲೀಟರ್ ಸಿಹಿನೀರಿಗೆ 20 ಗ್ರಾಂ ಚಿರೆಕಲ್ಲಿನ ಕೆಂಪು ಜೇಡಿ. ಹೊಯ್ಗೆ ಬೇಡ. ಇದು ಮೇಲೆಯೇ ಹರಡುತ್ತದೆ, ಅಳಿವೆಯ ಹಾಗೆ. ಎರಡನೆಯದು: ಒಂದು ಲೀಟರ್ ಸಿಹಿನೀರಿಗೆ 150 ಗ್ರಾಂ, ಅರ್ಧ ಸಣ್ಣ ಹೊಯ್ಗೆ, ಅರ್ಧ ಜೇಡಿ. ಈಗ ಅದು 40 ಗ್ರಾಂ ಗೆರೆ ದಾಟಿದೆ. ಇಳಿಜಾರಿನ ಮೈಗೆ ಅಂಟಿಕೊಂಡು ಕೆಳಗೆ ನುಗ್ಗುತ್ತದೆ. ಮುಂದೆ ದುಂಡನೆಯ ತಲೆ, ಹಿಂದೆ ಮೇಲಕ್ಕೆ ಏಳುವ ಸುರುಳಿಗಳು. ಸ್ವಲ್ಪ ದೂರ ಹೋಗಿ ಹೊಯ್ಗೆ ಬಿದ್ದುಹೋದ ಮೇಲೆ ಒಂದು ವಿಚಿತ್ರ ನಡೆಯುತ್ತದೆ. ಉಳಿದ ನೀರು ಸಿಹಿನೀರು ತಾನೆ? ಅದು ಹಗುರಾಗಿ ಕೆಸರನ್ನು ಎತ್ತಿಕೊಂಡು ಮೇಲಕ್ಕೆ ಏಳುತ್ತದೆ. ನದಿಯ ನೆರೆ ನೇರವಾಗಿ ಕಡಲೊಳಗೆ ಮುಳುಗಿದರೂ ಬಹುದೂರ ಹೋಗುವುದು ಕಷ್ಟ ಅನ್ನುವುದಕ್ಕೆ ಇದೇ ಒಂದು ಕಾರಣ.

ಮೂರನೆಯ ಹದ ಆಳ ಕಡಲಿನದು. ಅದೇ 150 ಗ್ರಾಂ ಮಣ್ಣನ್ನು ತೊಟ್ಟಿಯ ಉಪ್ಪು ನೀರಿನಲ್ಲೇ ಕಲಸಿ. ಶೆಲ್ಫಿನ ಅಂಚಿನಲ್ಲಿ ಕೂತಿದ್ದ ಕೆಸರು ಕುಸಿದು ಕಡಲ ನೀರಿನೊಂದಿಗೇ ಬೆರೆತು ಹೊರಟರೆ ಹೀಗಿರುತ್ತದೆ. ಮೇಲೇಳುವ ಪ್ರಶ್ನೆಯೇ ಇಲ್ಲ. ತಲೆ ಎಲ್ಲಿಂದ ಎಲ್ಲಿಗೆ ಎಷ್ಟು ಸೆಕೆಂಡಿನಲ್ಲಿ ಹೋಯಿತು ಅಂತ ವಿಡಿಯೋದಿಂದ ಎಣಿಸಿ.

ಅಲ್ಲಿಗೆ ಬಿಡಬೇಡಿ. ಪೂರ್ತಿ ಕೂರಲು ಒಂದು ರಾತ್ರಿ ಬಿಟ್ಟು ಬೇರೆ ಬೇರೆ ಬಣ್ಣದ ಮಣ್ಣಿನಲ್ಲಿ ಮತ್ತೆ ಸುರಿಯಿರಿ. ಒಮ್ಮೆ ಕೆಂಪು, ಒಮ್ಮೆ ಗಜನಿಯ ಕಪ್ಪು, ಒಮ್ಮೆ ಬಿಳಿ ಹೊಯ್ಗೆ ಜಾಸ್ತಿ. ನಾಲ್ಕೈದು ಪದರ ಆದ ಮೇಲೆ ಗಾಜಿನ ಪಕ್ಕದಿಂದ ನೋಡಿ. ಪ್ರತಿ ಪದರದಲ್ಲೂ ಕೆಳಗೆ ದಪ್ಪ ಕಣ, ಮೇಲೆ ಸಣ್ಣ ಕಣ. ಇಳಿಜಾರಿನ ಬುಡದಲ್ಲಿ ದಪ್ಪ ಪದರ, ದೂರಕ್ಕೆ ಹೋದಂತೆ ತೆಳು. ಕಣದಲ್ಲಿ ಭತ್ತ ತೂರುವಾಗ ಕಾಳು ಕಾಲಬುಡದಲ್ಲಿ ಬಿದ್ದು ಜೊಳ್ಳು ದೂರ ಹಾರುತ್ತದಲ್ಲ, ಲೆಕ್ಕ ಅದೇ. ಗಾಳಿಯ ಬದಲು ಹೊನಲು, ಅಷ್ಟೆ. ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಪದರಕ್ಕೆ ನೇರವಾಗಿ ಚುಚ್ಚಿ, ಮೇಲಿನ ಬಾಯಿ ಹೆಬ್ಬೆರಳಿನಿಂದ ಮುಚ್ಚಿ ಎತ್ತಿದರೆ ಒಂದು ಮಾದರಿ ಸಿಗುತ್ತದೆ. ಹತ್ತಿರದ್ದು ಒಂದು, ನಡುವಿನದು ಒಂದು, ದೂರದ್ದು ಒಂದು ತೆಗೆದು ಪಕ್ಕಪಕ್ಕ ಇಡಿ. ಮುಂದೆ ನಿಜವಾದ ಕಡಲ ಮಾದರಿ ಓದುವಾಗ ಈ ಮೂರೇ ನಿಮಗೆ ನಿಘಂಟು.

ಅಗಲ ಸಾಲದ ತೊಟ್ಟಿಯಲ್ಲಿ ಒಂದು ಸಂಗತಿ ಕಾಣುವುದಿಲ್ಲ. ಅದಕ್ಕೆ ಮಗುವಿನ ಸ್ನಾನದ ಟಬ್ ತೆಗೆದುಕೊಳ್ಳಿ. ಉದ್ದಕ್ಕೆ ಸೀಳಿದ ಪಿವಿಸಿ ಪೈಪನ್ನು ಅದರೊಳಗೆ ಓರೆಯಾಗಿಟ್ಟರೆ ಕಣಿವೆಯಾಯಿತು. ಪೈಪಿನ ಬಾಯಿಂದ ಹೊರಬಂದ ಕೆಸರು ಅಗಲಕ್ಕೆ ಹರಡಿ ನಾಲಿಗೆಯಾಕಾರದ ಗುಡ್ಡೆ ಹಾಕುತ್ತದೆ. ಮತ್ತೆ ಮತ್ತೆ ಸುರಿದರೆ ಆ ಗುಡ್ಡೆ ಎತ್ತರವಾಗಿ ಮುಂದಿನ ಹೊನಲು ಪಕ್ಕದ ತಗ್ಗಿಗೆ ತಿರುಗುತ್ತದೆ. ಹೀಗೆ ಎಡ, ಬಲ, ನಡುವೆ ಅಂತ ಗುಡ್ಡೆಗಳು ಒಂದರ ಪಕ್ಕ ಒಂದು ಕೂತು ಕೊನೆಗೆ ದೊಡ್ಡದೊಂದು ಬೀಸಣಿಗೆಯಾಕಾರ. ಕಡಲ ತಳದಲ್ಲಿ ಇದಕ್ಕೆ ಸಬ್‌ಮರೀನ್ ಫ್ಯಾನ್ ಅನ್ನುತ್ತಾರೆ. ಸಿಂಧೂ ಫ್ಯಾನ್ ಸುಮಾರು 1500 ಕಿ.ಮೀ. ಉದ್ದ, 11 ಲಕ್ಷ ಚದರ ಕಿ.ಮೀ. ವಿಸ್ತಾರ. ಗಂಗಾ, ಬ್ರಹ್ಮಪುತ್ರ ಕಟ್ಟಿದ ಬಂಗಾಳ ಫ್ಯಾನ್ ಅದಕ್ಕೂ ದೊಡ್ಡದು, ಸುಮಾರು 3000 ಕಿ.ಮೀ. ಉದ್ದ.

ಉಪ್ಪು ನೀರನ್ನು ಆಮೇಲೆ ತೋಟಕ್ಕೆ ಚೆಲ್ಲಬೇಡಿ. ಅಡಿಕೆ ಸಸಿ ಒಣಗಿದರೆ ಮನೆಯಲ್ಲಿ ಮುಂದಿನ ಪ್ರಯೋಗಕ್ಕೆ ಅನುಮತಿ ಸಿಗುವುದಿಲ್ಲ.

ಹೆಜ್ಜೆ 4: ತೊಟ್ಟಿಯಿಂದ ನಿಜದ ವೇಗಕ್ಕೆ

ತೊಟ್ಟಿಯ ಹೊನಲು ಕೆಲವೇ ಸೆಕೆಂಡಿನಲ್ಲಿ ಸುಸ್ತಾಗುತ್ತದೆ. ಹೊಯ್ಗೆ ಕಣ ಬೇಗ ಬೀಳುವುದೇ ಕಾರಣ. 0.1 ಮಿ.ಮೀ. ಕಣ ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು 1 ಸೆಂ.ಮೀ. ಇಳಿಯುತ್ತದೆ. ನಿಜದ ಹೊನಲು ಹತ್ತಾರು ಮೀಟರ್ ದಪ್ಪ, ಒಳಗೆ ಸುಳಿಗಳು ಜೋರು. ಬೀಳಲು ಹೊರಟ ಕಣವನ್ನು ಸುಳಿ ಮತ್ತೆ ಎತ್ತುತ್ತದೆ. ಕಣ ತೇಲಿದಷ್ಟು ಹೊನಲು ಭಾರ, ಭಾರವಾದಷ್ಟು ವೇಗ, ವೇಗ ಇದ್ದಷ್ಟು ಕಣ ತೇಲುತ್ತದೆ. ಕೆಳಗಿನ ಕೆಸರನ್ನೂ ಕೆರೆದು ಸೇರಿಸಿಕೊಂಡರೆ ಇನ್ನೂ ದೂರ.

ವೇಗ ಗೊತ್ತಾದದ್ದು ತಂತಿಗಳಿಂದ. 1929ರ ನವೆಂಬರ್ 18ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ದಕ್ಷಿಣಕ್ಕೆ ಗ್ರ್ಯಾಂಡ್ ಬ್ಯಾಂಕ್ಸ್ ಅಂಚಿನಲ್ಲಿ 7.2 ತೀವ್ರತೆಯ ಭೂಕಂಪವಾಯಿತು. ಕಡಲ ತಳದ 12 ಟೆಲಿಗ್ರಾಫ್ ಕೇಬಲ್‌ಗಳು ತುಂಡಾದವು. ಭೂಕಂಪದ ಜಾಗದಲ್ಲಿದ್ದವು ತಕ್ಷಣ ಹೋದವು. ಆದರೆ ಇಳಿಜಾರಿನ ಕೆಳಗಿದ್ದವು ಒಂದಾದ ಮೇಲೆ ಒಂದರಂತೆ ಹೋದವು, ಕೊನೆಯದು 13 ಗಂಟೆ 17 ನಿಮಿಷದ ನಂತರ. ಭೂಕಂಪವೇ ಕತ್ತರಿಸಿದ್ದರೆ ಇಷ್ಟು ತಡ ಯಾಕೆ? 1952ರಲ್ಲಿ ಹೀಜನ್ ಮತ್ತು ಯೂಯಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಈ ಪ್ರಶ್ನೆ ಹಿಡಿದು ಕೇಬಲ್‌ಗಳ ನಡುವಿನ ದೂರವನ್ನು ಸಮಯದಿಂದ ಭಾಗಿಸಿದರು. ನೀವು ತೊಟ್ಟಿಯಲ್ಲಿ ಮಾಡಿದ ಲೆಕ್ಕವೇ. ಅವರಿಗೆ ಸಿಕ್ಕ ಮೊದಲ ವೇಗ ಗಂಟೆಗೆ 100 ಕಿ.ಮೀ. ಹತ್ತಿರ, ಆಮೇಲಿನವರು ಅದನ್ನು ಸುಮಾರು 70ಕ್ಕೆ ಇಳಿಸಿದ್ದಾರೆ. 2020ರ ಜನವರಿಯಲ್ಲಿ ಆಫ್ರಿಕಾದ ಕಡಲಡಿಯ ಕಾಂಗೋ ಕಣಿವೆಯಲ್ಲಿ ಹೊರಟ ಹೊನಲು 1100 ಕಿ.ಮೀ.ಗೂ ಹೆಚ್ಚು ಓಡಿ ಇಂಟರ್‌ನೆಟ್ ಕೇಬಲ್‌ಗಳನ್ನು ಕತ್ತರಿಸಿತು. ವೇಗ ಸೆಕೆಂಡಿಗೆ 5ರಿಂದ 8 ಮೀಟರ್. ವಿಶೇಷ ಅಂದರೆ ಅದು ಹೋಗಹೋಗುತ್ತ ವೇಗ ಹೆಚ್ಚಿಸಿಕೊಂಡಿತು.

ಹೊನಲು ಹೊರಡಲು ಮೊದಲು ಏನಾದರೂ ಕುಸಿಯಬೇಕು, ಇಲ್ಲವೇ ನದಿಯು ಕಡಲಡಿಯ ಕಣಿವೆಯ ಬಾಯಿಗೇ ಮಣ್ಣು ಸುರಿಯಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಮಳೆಗೆ ನೆನೆದ ಗುಡ್ಡ ಹೆದ್ದಾರಿ ದಾಟಿ ಗಂಗಾವಳಿಗೆ ಬಿದ್ದದ್ದನ್ನು ನಮ್ಮ ಜಿಲ್ಲೆ ಮರೆಯುವುದಿಲ್ಲ. ನೀರು ಹೀರಿದ ಮಣ್ಣು ಹಿಡಿತ ಕಳೆದುಕೊಂಡು ಒಮ್ಮೆಗೇ ಜಾರುತ್ತದೆ. ಕಡಲಡಿಯ ಇಳಿಜಾರಿನಲ್ಲೂ ಕೆಸರು ಬೇಗ ಬೇಗ ಪೇರಿದರೆ ಒಳಗಿನ ನೀರಿಗೆ ಹೊರಬರಲು ದಾರಿ ಸಿಗದೆ ಒತ್ತಡ ಏರುತ್ತದೆ. ಆಗ ಸಣ್ಣ ಭೂಕಂಪವೂ ಸಾಕು. ನಮ್ಮ ಕಡಲಲ್ಲೇ ಇದರ ರಾಕ್ಷಸ ಉದಾಹರಣೆ ಇದೆ. ಒಂದು ಕೋಟಿ ವರ್ಷಕ್ಕೂ ಸ್ವಲ್ಪ ಹಿಂದೆ ಸೌರಾಷ್ಟ್ರದ ಅಂಚಿನ ಕಡೆಯಿಂದ ಜಾರಿದ ನಟರಾಜ ಕುಸಿತ 330 ಕಿ.ಮೀ. ಉದ್ದ, 190 ಕಿ.ಮೀ. ಅಗಲಕ್ಕೆ ಹಬ್ಬಿದೆ. ಅದರ ಗಾತ್ರ ಸುಮಾರು 19,000 ಘನ ಕಿ.ಮೀ. ಅಂತ ಅಂದಾಜು.

ಹೆಜ್ಜೆ 5: ಪದರ ಓದುವುದು

ಈಗ ಆ ಗೆರೆಯ ತುದಿಗೆ ಬರೋಣ. 2015ರ ಏಪ್ರಿಲ್, ಮೇ ತಿಂಗಳಲ್ಲಿ ಜಾಯಿಡೀಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು ಲಕ್ಷ್ಮಿ ಬೇಸಿನ್‌ಗೆ ಬಂದಿತ್ತು. ಅಂತರರಾಷ್ಟ್ರೀಯ ಕೊರೆತ ಯೋಜನೆಯ 355ನೇ ಪ್ರಯಾಣ ಅದು. ಮುಖ್ಯ ವಿಜ್ಞಾನಿಗಳು ಇಬ್ಬರು. ಒಬ್ಬರು ಧನಂಜಯ್ ಪಾಂಡೆ, ನಮ್ಮ ಪಕ್ಕದ ಗೋವಾದ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದವರು. ಇನ್ನೊಬ್ಬರು ಪೀಟರ್ ಕ್ಲಿಫ್ಟ್. ಯು1456, ಯು1457 ಎಂಬ ಎರಡು ಜಾಗಗಳಲ್ಲಿ ತಳದಿಂದ ಕೆಳಕ್ಕೆ 1100 ಮೀಟರಿಗೂ ಹೆಚ್ಚು ಕೊರೆದರು. ಕೊರೆದು ತೆಗೆದ ಮಣ್ಣಿನ ಕಂಬಗಳಿಗೆ ಕೋರ್ ಅನ್ನುತ್ತಾರೆ. ಅವನ್ನು ಒಂದೂವರೆ ಮೀಟರ್ ತುಂಡು ಮಾಡಿ, ಉದ್ದಕ್ಕೆ ಸೀಳಿ, ಫೋಟೋ ತೆಗೆದು, ವರದಿಯೊಂದಿಗೆ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಯು1456ರ ಫೋಟೋಗಳನ್ನು ಇಳಿಸಿಕೊಳ್ಳಿ. ಪಕ್ಕದಲ್ಲಿ ನಿಮ್ಮ ಪ್ಲಾಸ್ಟಿಕ್ ಪೈಪುಗಳು ಇರಲಿ.

ಒಂದು ಹೊನಲು ಪೂರ್ತಿಯಾಗಿ ಬರೆದ ಪದರದಲ್ಲಿ ಐದು ಭಾಗ ಇರುತ್ತದೆ. 1962ರಲ್ಲಿ ಬೌಮಾ ಎಂಬವರು ಗುರುತಿಸಿದ ಸಾಲು ಇದು. ಬುಡದಲ್ಲಿ ಗೆರೆಯಿಲ್ಲದ ದಪ್ಪ ಮರಳು, ಹೊನಲು ಜೋರಾಗಿದ್ದಾಗ ಸುರಿದದ್ದು. ಅದರ ಮೇಲೆ ನೇರ ಗೆರೆಗಳ ಮರಳು. ಆಮೇಲೆ ಸಣ್ಣ ಅಲೆಯಂಥ ಓರೆ ಗೆರೆಗಳು, ವೇಗ ಇಳಿದಾಗಿನವು. ನಂತರ ತೆಳು ಗೆರೆಗಳ ನುಣುಪು ಕೆಸರು. ಎಲ್ಲಕ್ಕಿಂತ ಮೇಲೆ ಜೇಡಿ. ಐದೂ ಒಟ್ಟಿಗೆ ಸಿಗುವುದು ಅಪರೂಪ, ಹುಡುಕುತ್ತ ಕೂರಬೇಡಿ. ಮೇಲಿನ ಎರಡು ಮೂರು ಭಾಗ ಮಾತ್ರ ಇದ್ದರೆ ಅಲ್ಲಿಗೆ ಹೊನಲಿನ ಬಾಲ ತಲುಪಿದೆ ಅಂತ ಅರ್ಥ. ಬುಡದ ದಪ್ಪ ಮರಳೇ ಮತ್ತೆ ಮತ್ತೆ ಬಂದರೆ ಹೊನಲು ಹರಿಯುವ ಕಾಲುವೆ ಹತ್ತಿರದಲ್ಲಿದೆ.

ಎರಡು ಹೊನಲುಗಳ ನಡುವಿನ ಕಾಲವನ್ನೂ ಪದರವೇ ಹೇಳುತ್ತದೆ. ಮೇಲಿನ ನೀರಿನಿಂದ ಸೂಕ್ಷ್ಮ ಜೀವಿಗಳ ಸುಣ್ಣದ ಚಿಪ್ಪುಗಳು ಸದಾ ಉದುರುತ್ತಲೇ ಇರುತ್ತವೆ. ಸಾವಿರ ವರ್ಷಕ್ಕೆ ಕೆಲವೇ ಸೆಂ.ಮೀ. ಬಣ್ಣ ತಿಳಿ ಕಂದು, ತಿಳಿ ಹಸಿರು. ಹುಳುಗಳು ಕೊರೆದ ಗುರುತು ತುಂಬ. ಟರ್ಬಿಡೈಟಿನ ಮರಳು ಭಾಗ ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನದ ಕೆಲಸ. ಬುಡ ಚಾಕುವಿನಲ್ಲಿ ಕೊಯ್ದ ಹಾಗೆ ಇರುತ್ತದೆ, ಮೇಲಂಚು ಮಾತ್ರ ಮಸುಕು. ಆಳವಿಲ್ಲದ ನೀರಿನ ಜೀವಿಗಳ ಚಿಪ್ಪು, ಗಿಡದ ಚೂರು ಅದರಲ್ಲಿ ಸಿಕ್ಕರೆ ಬೇರೆ ಸಾಕ್ಷಿ ಬೇಡ. ಅವು ಅಲ್ಲಿ ಹುಟ್ಟಿದವಲ್ಲ. ಹಾಗಾಗಿ 20 ಸೆಂ.ಮೀ. ಮರಳು, ಅದರ ಮೇಲೆ 4 ಸೆಂ.ಮೀ. ಚಿಪ್ಪಿನ ಕೆಸರು ಕಂಡರೆ, ಕಾಲದ ಹೆಚ್ಚಿನ ಪಾಲು ಆ 4 ಸೆಂ.ಮೀ.ನಲ್ಲಿದೆ.

ಕೋರಿನಲ್ಲಿ ಮೋಸವೂ ಇದೆ. ಪೈಪು ನುಗ್ಗುವಾಗ ಅಂಚಿನ ಗೆರೆಗಳು ಕೆಳಕ್ಕೆ ಬಾಗುತ್ತವೆ, ಅದನ್ನು ಅಲೆಯ ಗುರುತು ಅಂದುಕೊಳ್ಳಬೇಡಿ. ಕೋರಿನ ಕೊನೆಯಲ್ಲಿ ಮೀಟರುಗಟ್ಟಲೆ ಗೆರೆಯಿಲ್ಲದ ಮೆತ್ತನೆ ಮರಳು ಕಂಡರೆ ಮೊದಲು ಅನುಮಾನ ಪಡಿ. ಪೈಪು ಎಳೆಯುವಾಗ ಹೀರಿಕೊಂಡು ಬಂದದ್ದಿರಬಹುದು.

ಹಡಗಿನ ಫೋಟೋ ಬೇಸರವಾದರೆ ಘಟ್ಟದ ಮೇಲೆ ಬನ್ನಿ. ಶಿರಸಿಯಿಂದ ಪೂರ್ವಕ್ಕೆ ಹಾವೇರಿ ದಾಟಿ ರಾಣೆಬೆನ್ನೂರು ಸೀಮೆಗೆ ಹೋದರೆ ಗ್ರೇವ್ಯಾಕ್ ಎಂಬ ಬೂದು ಬಣ್ಣದ ಗಟ್ಟಿ ಕಲ್ಲು ಸಿಗುತ್ತದೆ. ಸುಮಾರು 260 ಕೋಟಿ ವರ್ಷ ಹಳೆಯ ಟರ್ಬಿಡೈಟ್ ಅದು. ಶಾಖ, ಒತ್ತಡಕ್ಕೆ ಸಿಕ್ಕಿ ಮಡಚಿಹೋಗಿದೆ. ರಸ್ತೆ ಕಡಿದ ಜಾಗ, ಹಳ್ಳದ ತಳ ಹುಡುಕಿ ಕಲ್ಲಿಗೆ ನೀರು ಹಾಕಿ ಒರೆಸಿ ನೋಡಿ. ಕಣ ದಪ್ಪದಿಂದ ಸಣ್ಣಕ್ಕೆ ಹೋಗುವ ದಿಕ್ಕು ಸಿಕ್ಕರೆ ಆ ಪದರದ ಮೇಲ್ಭಾಗ ಯಾವುದು ಅಂತ ಹೇಳಬಹುದು, ಪದರ ತಲೆಕೆಳಗಾಗಿದ್ದರೂ ಸರಿ. ಪದರದ ಅಡಿಯಲ್ಲಿ ಉದ್ದುದ್ದ ಉಬ್ಬುಗಳಿದ್ದರೆ ಅದೃಷ್ಟ. ಹೊನಲು ಕೆಳಗಿನ ಜೇಡಿಯನ್ನು ಕೆರೆದ ಗುಳಿಗಳ ಅಚ್ಚು ಅವು. ಮೊಂಡು ತುದಿ ಇರುವ ಕಡೆಯಿಂದ ಹೊನಲು ಬಂತು.

ಹೆಜ್ಜೆ 6: ಮಣ್ಣಿನ ಊರು ಯಾವುದು

ಹೊನಲು ಬಂದಿದೆ ಅಂತ ಗೊತ್ತಾಯಿತು. ಯಾವ ಬೆಟ್ಟದ ಮಣ್ಣು? ಮನೆಯಲ್ಲಿ ಮಾಡಬಹುದಾದ್ದು ಸ್ವಲ್ಪವೇ. ಕಾರವಾರ, ಗೋಕರ್ಣ, ಹೊನ್ನಾವರದಿಂದ ಒಂದೊಂದು ಹಿಡಿ ಮರಳು ತಂದು ಒಣಗಿಸಿ. ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಣ ಎಷ್ಟು, ಭೂತಗನ್ನಡಿಯಲ್ಲಿ ಮಿನುಗುವ ಕಾಗೆಬಂಗಾರ ಎಷ್ಟು, ಚಿಪ್ಪಿನ ಚೂರು ಎಷ್ಟು ಅಂತ ಬರೆದಿಡಿ. ಮೂರು ಕಡೆಯದೂ ಒಂದೇ ಥರ ಇರುವುದಿಲ್ಲ ಅನ್ನುವುದೇ ಇಲ್ಲಿ ಪಾಠ.

ಮುಂದಿನದು ಪ್ರಯೋಗಾಲಯದ ಕೆಲಸ, ಆದರೆ ತರ್ಕ ಸರಳ. ಜಿರ್ಕಾನ್ ಎಂಬ ಹರಳು ಸುಲಭಕ್ಕೆ ಸವೆಯುವುದಿಲ್ಲ, ಒಳಗಿನ ಯುರೇನಿಯಂ ಸೀಸವಾಗುವ ಲೆಕ್ಕದಿಂದ ಅದರ ವಯಸ್ಸು ಸಿಗುತ್ತದೆ. ನಮ್ಮ ಧಾರವಾಡ ಶಿಲೆಗಳ ಜಿರ್ಕಾನ್ 250 ಕೋಟಿ ವರ್ಷದ ಆಸುಪಾಸು ಅಥವಾ ಅದಕ್ಕೂ ಹಳೆಯದು. ಡೆಕ್ಕನ್ನಿನ ಕಪ್ಪು ಲಾವಾ ಕಲ್ಲು 6.6 ಕೋಟಿ ವರ್ಷದ್ದಾದರೂ ಅದರಲ್ಲಿ ಜಿರ್ಕಾನ್ ತೀರಾ ಕಡಿಮೆ. ಸಿಂಧೂ ನದಿಯ ಮೇಲ್ಭಾಗದ ಕಾರಾಕೋರಂ, ಕೋಹಿಸ್ತಾನ್ ಕಡೆ 10 ಕೋಟಿ ವರ್ಷಕ್ಕಿಂತ ಎಳೆಯ ಜಿರ್ಕಾನ್ ಬೇಕಾದಷ್ಟಿದೆ. ಕಡಲ ತಳದ ಮರಳಿನಲ್ಲಿ ಇಂಥ ಎಳೆಯ ಹರಳು ತುಂಬ ಸಿಕ್ಕರೆ ಅದು ಸಹ್ಯಾದ್ರಿಯಿಂದ ಬಂದದ್ದಲ್ಲ. ಜೇಡಿಯೂ ಸಾಕ್ಷಿ ಹೇಳುತ್ತದೆ. ಡೆಕ್ಕನ್ ಕಪ್ಪು ಮಣ್ಣಿನಿಂದ ಸ್ಮೆಕ್ಟೈಟ್ ಎಂಬ ಬಗೆಯ ಜೇಡಿ ಹೆಚ್ಚು, ಹಿಮಾಲಯದ ಕಡೆಯಿಂದ ಇಲ್ಲೈಟ್, ಕ್ಲೋರೈಟ್ ಎಂಬ ಬಗೆಗಳು ಹೆಚ್ಚು. ಲಕ್ಷ್ಮಿ ಬೇಸಿನ್‌ನ ಕೋರುಗಳಲ್ಲಿ ಮರಳಿನ ಬಹುಪಾಲು ಸಿಂಧೂವಿನದು, ಜೊತೆಗೆ ಪಶ್ಚಿಮ ಭಾರತದ ಕಡೆಯ ಮಣ್ಣೂ ಆಗಾಗ ಸೇರಿದೆ.

ಆದ್ದರಿಂದ ನಿಮ್ಮ ನಕ್ಷೆಯ ಮೇಲೆ ಬಾಣ ಹಾಕುವಾಗ ಎರಡು ಬಣ್ಣ ಇಟ್ಟುಕೊಳ್ಳಿ. ಕೋರಿನ ಸಾಕ್ಷಿ ಇರುವ ದಾರಿಗೆ ಗಟ್ಟಿ ಗೆರೆ, ಇಳಿಜಾರು ನೋಡಿ ಊಹಿಸಿದ್ದಕ್ಕೆ ಚುಕ್ಕೆ ಗೆರೆ. ಕಡಲಡಿಯ ಸಿಂಧೂ ಕಣಿವೆಯಿಂದ ದಕ್ಷಿಣಕ್ಕೆ ಬರುವ ಬಾಣ ಉದ್ದ, ನಟರಾಜ ಕುಸಿತದ್ದು ಅಗಲ. ಸಹ್ಯಾದ್ರಿ ನದಿಗಳಿಗೆ ಇಂದಿನ ದಡ ಒಂದು, 120 ಮೀಟರ್ ಆಳದ ಹಳೆಯ ದಡ ಒಂದು, ಹೀಗೆ ಎರಡು ನಕ್ಷೆ ಬೇರೆ ಬೇರೆ ಬರೆಯುವುದು ಒಳ್ಳೆಯದು. ಎರಡನ್ನೂ ಒಂದೇ ಹಾಳೆಗೆ ತುರುಕಿದರೆ ಗೋಜಲಾಗುತ್ತದೆ.

ಇದನ್ನೇ ಮುಂದೆ ಓದಬೇಕು ಅನ್ನುವವರಿಗೆ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ವಿಭಾಗ ಇದೆ. ಗೋವಾದ ದೋನಾಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇದೆ, ಕಾರವಾರದಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರಬಹುದು. ಕೋರುಗಳನ್ನು ಕಣ್ಣಾರೆ ನೋಡುವ ಆಸೆ ಇದ್ದರೆ ಅವು ಇರುವುದು ಕೊಚಿಯಲ್ಲಿ, ಜಪಾನಿನದು, ಕೇರಳದ್ದಲ್ಲ. ಮಾದರಿ ಬೇಕಾದರೆ ಸಂಶೋಧನೆಯ ಪ್ರಸ್ತಾವ ಬರೆದು ಕೇಳಬೇಕು. ಸದ್ಯಕ್ಕೆ ಯು1456ರ ಮೇಲಿನ ಹತ್ತು ಕೋರ್‌ಗಳ ಫೋಟೋ ತೆರೆದು, ಚೂಪಾದ ಬುಡ ಇರುವ ಪದರಗಳನ್ನು ಎಣಿಸಿ, ಪ್ರತಿಯೊಂದರ ದಪ್ಪ ಒಂದು ಪಟ್ಟಿಯಲ್ಲಿ ಬರೆಯುತ್ತ ಹೋಗಿ.